ಅಲುಗಾಡಬೇಡಿ

ತೃಪ್ತಿಯ ತಲೆ ಹುಟ್ಟಿದಂದಿನಿಂದ ಒಂದು ಕಡೆ ನಿಂತದ್ದಿಲ್ಲ. ನಿದ್ದೆಯಲ್ಲಿ ಮಾತ್ರ ನಿಲ್ಲುತ್ತದೆ. ಎಚ್ಚರವಾದ ಕೂಡಲೇ ಕತ್ತು ಎಡಕ್ಕೆ ವಾಲುತ್ತದೆ, ಬಲಕ್ಕೆ ಎಳೆಯುತ್ತದೆ, ಗಲ್ಲ ಮೇಲೆದ್ದು ಬೀಳುತ್ತದೆ. ಕೈಗಳೂ ಹಾಗೆಯೇ. ಮಾತೂ ಹಾಗೆಯೇ. ಒಳಗೆ ನೆಟ್ಟಗೆ ಇದ್ದ ಮಾತು ತುಟಿ ದಾಟುವಾಗ ಮುರಿಯುತ್ತದೆ. ಅದನ್ನು ಹೆಕ್ಕಿ ಜೋಡಿಸಲು ಬರುವುದು ತಾಯಿ ಚೆನ್ನುವಿಗೆ ಮಾತ್ರ.

ಇಚಿಲಂಪಾಡಿಯ ಕಾಲನಿಯಲ್ಲಿ ಇದನ್ನು ದೇವರ ಆಟ ಎನ್ನುವವರಿದ್ದಾರೆ. ಚೆನ್ನು ಒಪ್ಪುವುದಿಲ್ಲ. ಬಸುರಿಯಾಗಿದ್ದಾಗ ಅವಳು ಗೇರುತೋಪಿನಲ್ಲಿ ಸೊಪ್ಪು ಸವರುತ್ತಿದ್ದಳು. ಮೇಲಿನಿಂದ ಹೆಲಿಕಾಪ್ಟರು ಕೀಟಕ್ಕೆ ಹೊಡೆಯುವ ಮದ್ದು ಸುರಿಯಿತು. ಕೆಲಸದವರು ತಲೆಗೆ ಗೋಣಿ ಹೊದ್ದು ಕೂತರು. ಸಂಜೆ ಅದೇ ಮದ್ದು ಬಿದ್ದ ತೋಡಿನ ನೀರು ಕುಡಿದು ಮನೆಗೆ ಹೋದರು. "ದೇವರ ತಲೆಗೆ ಹಾಕ್ಬೇಡಿ ನೀವು. ದೇವರು ಹೆಲಿಕಾಪ್ಟರಲ್ಲಿ ಬರುದಿಲ್ಲ," ಎನ್ನುತ್ತಾಳೆ ಅವಳು. ಹಾಗೆಂದು ದೇವರನ್ನು ಬಿಟ್ಟವಳಲ್ಲ. ಕಾಲನಿಯ ದೈವ ಗುಳಿಗನ ಕಟ್ಟೆಗೆ ದೀಪ ಇಡದೆ ಅವಳಿಗೆ ಸಂಜೆಯಾಗುವುದಿಲ್ಲ.

ಆ ತಲೆಯನ್ನು ನಿಲ್ಲಿಸಲು ಒಂದು ದಿನ ಕಡಬ ಪೇಟೆಯ ಸೈಬರ್ ಅಂಗಡಿಯಲ್ಲಿ ಜನ ಸೇರಿದರು.

ಸರಕಾರದ ಒಂದು ಇಲಾಖೆ ಅಂಗವಿಕಲರಿಗೆ ಗೂಡಂಗಡಿ ಕೊಡುವುದೆಂದು ಸುದ್ದಿಯಿತ್ತು. ಕಡಬದಲ್ಲಿ ಬಸ್ಸು ನಿಲ್ಲುವಲ್ಲಿಯೇ ಜಾಗ. ಅಂಗಡಿ ಅರ್ಜಿ ಹಾಕಿದವರದೇ ಹೆಸರಿಗೆ. ತೃಪ್ತಿ ಪಿಯುಸಿ ಪಾಸಾದವಳು. ಶಾಲೆಯ ಆಫೀಸಿನಲ್ಲಿ ಒಮ್ಮೆ ಜೆರಾಕ್ಸ್ ಯಂತ್ರದ ಗುಂಡಿ ಒತ್ತಿದ್ದಳು. ಮುಷ್ಟಿಯಲ್ಲಿ ಒತ್ತಿದ್ದು. ಯಂತ್ರ ಬೇಡ ಎನ್ನಲಿಲ್ಲ, ಕಾಗದ ಕೊಟ್ಟಿತು. ಅಂದಿನಿಂದ ಅವಳ ಆಸೆ ಒಂದೇ: ಒಂದು ಜೆರಾಕ್ಸ್ ಅಂಗಡಿ, ಮೇಲೆ ಒಂದು ಬೋರ್ಡು, ಬೋರ್ಡಿನಲ್ಲಿ ತನ್ನ ಹೆಸರು.

ಅರ್ಜಿ ಹಾಕುವುದು ಇಲಾಖೆಯ ವೆಬ್‌ಸೈಟಿನಲ್ಲಿ ಮಾತ್ರ. ಅಂದೇ ಕೊನೆಯ ದಿನ. ಸಂಜೆ ಆರಕ್ಕೆ ಮುಚ್ಚುತ್ತದೆಂದು ಪುಟದ ನೆತ್ತಿಯಲ್ಲಿ ಕೆಂಪಕ್ಷರ ಓಡುತ್ತಿತ್ತು. ಅದರ ಕೆಳಗೆ ಗಾಲಿಕುರ್ಚಿಯಲ್ಲಿ ಕೂತು ನಗುವ ಹುಡುಗಿಯ ಚಿತ್ರ. ಆ ಹುಡುಗಿಯ ತಲೆ ಅಲುಗಾಡುತ್ತಿರಲಿಲ್ಲ. ಚಿತ್ರ ಅಲ್ಲವೇ.

ಅಂಗಡಿಯ ಶೈಲೇಶ ಹೆಸರು, ಊರು, ಆಧಾರ್ ಎಲ್ಲ ಹೊಡೆದು ಮುಗಿಸಿದ್ದ. ಉಳಿದದ್ದು ಒಂದೇ. ಅರ್ಜಿದಾರರು ಕ್ಯಾಮರಾದೆದುರು ಕೂರಬೇಕು. ಯಂತ್ರ ಮುಖ ನೋಡಬೇಕು, ಜೀವ ಇರುವ ಮನುಷ್ಯ ಹೌದೆಂದು ಒಪ್ಪಬೇಕು.

"ನೇರವಾಗಿ ನೋಡಿ. ಅಲುಗಾಡಬೇಡಿ," ಎಂದಿತು ಕಂಪ್ಯೂಟರಿನ ಒಳಗಿನ ಹೆಣ್ಣು ದನಿ.

ತೃಪ್ತಿ ಹಲ್ಲು ಕಚ್ಚಿದಳು. ಬೆನ್ನನ್ನು ಕುರ್ಚಿಗೆ ಒತ್ತಿದಳು. ಕುತ್ತಿಗೆಯ ನರ ಉಬ್ಬಿತು. ತಲೆ ಒಂದು ಕ್ಷಣ ನಿಂತ ಹಾಗೆ ಮಾಡಿ ಬಲಕ್ಕೆ ಜಾರಿತು.

"ಮುಖ ದೃಢಪಟ್ಟಿಲ್ಲ. ಮತ್ತೆ ಪ್ರಯತ್ನಿಸಿ."

ಬೆಳಗಿನಿಂದ ಇದೇ ಆಗಿತ್ತು. ಒಂದು ಸ್ನಾಯುವನ್ನು ಹಿಡಿದರೆ ಇನ್ನೊಂದು ಓಡುತ್ತದೆ. ಕಲ್ಲು ಹೊತ್ತವರಿಗೆ ಬರುವಂಥ ಬೆವರು ಅವಳ ಮೈಯಿಂದ ಇಳಿಯುತ್ತಿತ್ತು. ಬರಿದೆ ಕೂತಿರುವುದಕ್ಕೆ ಇಷ್ಟು ದುಡಿತ ಬೇಕೆಂದು ನೋಡುವವರಿಗೆ ತಿಳಿಯುವುದಿಲ್ಲ.

ಪಹಣಿ ತೆಗೆಸಲು ಬಂದ ಒಬ್ಬರು ಬಾಗಿಲಲ್ಲಿ ಕೊಡೆ ಕುಟ್ಟಿದರು. "ಎಂತ ಮಾರಾಯ್ರೆ, ಒಂದು ಫೋಟೋ ಇನ್ನೂ ಆಗಿಲ್ವಾ? ಮದುಮಗಳಾ?"

ಹಿಂದಿದ್ದವರು ನಕ್ಕರು.

"ಸುಮ್ನಿರಿ," ಎಂದ ಶೈಲೇಶ. ಅವನ ಮುಖದಲ್ಲೂ ಬೆಳಗಿನ ಮರುಕ ತೀರುತ್ತ ಬಂದಿತ್ತು. "ಕಿಟ್ಟಣ್ಣ, ನೀವು ಸ್ವಲ್ಪ ಹಿಡ್ಕೊಳ್ಳಿ. ಹಿಂದಿನಿಂದ. ಗಟ್ಟಿ."

ಕಿಟ್ಟಣ್ಣ ಚೆನ್ನುವಿನ ಅಣ್ಣ. ರಬ್ಬರ್ ಟ್ಯಾಪಿಂಗ್ ಮಾಡುವವನು. ಗಂಡ ತೀರಿಹೋದ ಮೇಲೆ ಚೆನ್ನುವಿನ ಮನೆಗೂ ಅವನೇ ಯಜಮಾನ. ನಮ್ಮ ಕಡೆ ಸೋದರಮಾವನ ಮಾತಿಗೆ ತಂದೆಯ ಮಾತಿಗಿಂತ ತೂಕ. ಅವನು ತನ್ನ ಎರಡು ಅಂಗೈಗಳಿಂದ ಸೋದರಸೊಸೆಯ ತಲೆಯನ್ನು ಅದುಮಿ ಹಿಡಿದ. ರಬ್ಬರ್ ಹಾಲಿನ ಹುಳಿ ವಾಸನೆ ಅವಳ ಮೂಗಿಗೆ ಹೊಡೆಯಿತು. ಕಿವಿ ಮಡಚಿ ನೋಯಿತು.

"ಮುಖದ ಬದಿಗಳು ಕಾಣುತ್ತಿಲ್ಲ," ಎಂದಿತು ದನಿ.

"ಕೈ ಅಡ್ಡ ಬರ್ತದೆ. ಬೈರಾಸು ಉಂಟಲ್ಲ ನಿಮ್ಮ ಹೆಗಲಲ್ಲಿ? ಕುರ್ಚಿಗೆ ಕಟ್ಟಿ," ಎಂದ ಶೈಲೇಶ.

ಕಿಟ್ಟಣ್ಣ ಬೈರಾಸು ತೆಗೆದ. ಹಣೆಗೆ ಸುತ್ತಿ ಕುರ್ಚಿಯ ಬೆನ್ನಿಗೆ ಎಳೆದು ಗಂಟು ಹಾಕಿದ. ತೃಪ್ತಿಯ ಕುತ್ತಿಗೆ ಹಿಂದಕ್ಕೆ ಬಾಗಿತು. ಜೊಲ್ಲು ಗಲ್ಲಕ್ಕಿಳಿಯಿತು. ಪರದೆಯಲ್ಲಿ ಅವಳಿಗೆ ತನ್ನ ಮುಖ ಕಂಡಿತು. ಬಾಗಿಲಲ್ಲಿದ್ದವರು ಈಗ ನಗುತ್ತಿರಲಿಲ್ಲ, ನೋಡುತ್ತಿದ್ದರು. ಅದು ಇನ್ನೂ ಕಷ್ಟ.

"ಅಮ್ಮ," ಎಂದಳು ತೃಪ್ತಿ. "ದನಕ್ಕೂ ಹೀಗೆ ಕಟ್ಟುದಿಲ್ಲ."

ಉಳಿದವರಿಗೆ ಕೇಳಿದ್ದು ಗಂಟಲಿನ ಒಂದು ಗೊರಗೊರ ಮಾತ್ರ.

"ಎಂತ ಹೇಳ್ತಾಳೆ?" ಎಂದ ಶೈಲೇಶ.

"ಸ್ವಲ್ಪ ಬಿಗಿ ಆಯ್ತಂತೆ," ಎಂದಳು ಚೆನ್ನು.

ಇದು ಚೆನ್ನುವಿನ ರೂಢಿ. ಮಗಳು ಬೆಂಕಿ ಉಗುಳಿದರೆ ತಾಯಿ ಅದನ್ನು ಉಗುರುಬೆಚ್ಚಗೆ ಮಾಡಿ ಲೋಕಕ್ಕೆ ಕೊಡುವಳು. ಡಾಕ್ಟರಿಗೆ, ಮೇಷ್ಟ್ರಿಗೆ, ಬಸ್ಸಿನ ಕಂಡಕ್ಟರಿಗೆ. ಬಡವರು ಬದುಕುವುದು ಹಾಗೆಯೇ ಎಂದು ಅವಳು ಕಲಿತಿದ್ದಳು. ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆಯ ಎಣ್ಣೆ ತಿಂದು ಅವಳ ಬೆರಳಿನ ಗೆರೆ ಅಳಿಸಿಹೋಗಿತ್ತು. ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆರಳನ್ನು ಗುರುತಿಸುವುದಿಲ್ಲ. ಅಲ್ಲಿಯೂ ಅವಳು ಜಗಳಾಡಿದವಳಲ್ಲ. ಬೆರಳನ್ನು ಸೆರಗಿಗೆ ಉಜ್ಜಿ ಉಜ್ಜಿ ಮತ್ತೆ ಇಟ್ಟವಳು.

"ಹಣೆ ಮುಚ್ಚಿದೆ. ಬಟ್ಟೆ ತೆಗೆಯಿರಿ," ಎಂದಿತು ದನಿ.

"ಛೆ! ಹಣೆ ಕಾಣ್ಬೇಕಂತೆ," ಶೈಲೇಶ ತಲೆ ಕೆರೆದುಕೊಂಡ. "ಕೆಳಗಿನಿಂದ ಕಟ್ಟುವ. ಗಲ್ಲದ ಅಡಿಯಿಂದ ತಂದು ನೆತ್ತಿಗೆ ಗಂಟು ಹಾಕಿ. ಅಲ್ಲಿಂದ ಕುರ್ಚಿಗೆ ಎಳೆದ್ರಾಯ್ತು."

ಕಿಟ್ಟಣ್ಣ ಬೈರಾಸು ಬಿಚ್ಚಿ ಗಲ್ಲದಡಿಗೆ ತಂದ. ಚೆನ್ನು ನೋಡಿದಳು. ಹಾಗೆ ಬಟ್ಟೆ ಕಟ್ಟುವುದು ಯಾರಿಗೆಂದು ಕಾಲನಿಯಲ್ಲಿ ಎಲ್ಲರಿಗೂ ಗೊತ್ತು. ಉಸಿರು ಹೋದ ಮೇಲೆ ಬಾಯಿ ತೆರೆದುಕೊಳ್ಳಬಾರದೆಂದು ಕಟ್ಟುತ್ತಾರೆ. ಅವಳೇ ತನ್ನ ಗಂಡನಿಗೆ ಕಟ್ಟಿದ್ದಳು.

ತೃಪ್ತಿ ಕಾಲೆತ್ತಿ ಮೇಜಿಗೆ ಒದ್ದಳು. ಕೀಬೋರ್ಡು ನೆಲಕ್ಕೆ ಬಿತ್ತು. ಕುರ್ಚಿ ಹಿಂದಕ್ಕೆ ವಾಲಿ ಗೋಡೆಗೆ ಆತುಕೊಂಡಿತು. ಅವಳು ಕೂಗಿದಳು. ಉದ್ದವಾಗಿ, ಮುರಿದು ಮುರಿದು. ಪಕ್ಕದ ಹೊಟೇಲಿನವರೂ ಇಣುಕಿದರು.

"ಎಂತ? ಎಂತ ಹೇಳ್ತಾಳೆ ಇವಳು?" ಎಂದ ಕಿಟ್ಟಣ್ಣ.

ಚೆನ್ನು ಬಾಯಿ ತೆರೆದಳು. ಅಭ್ಯಾಸದ ಮಾತು ನಾಲಿಗೆಯ ಮೇಲಿತ್ತು: ಸುಸ್ತಾಯ್ತಂತೆ, ಸ್ವಲ್ಪ ನೀರು ಬೇಕಂತೆ. ಅದು ಹೊರಡಲಿಲ್ಲ.

"ಹೇಳು ಅಮ್ಮ," ಎಂದಳು ತೃಪ್ತಿ. "ಹೇಳಿದ ಹಾಗೇ ಹೇಳು."

"ಅಣ್ಣ," ಎಂದಳು ಚೆನ್ನು. "ಅವಳು ಕೇಳ್ತಾಳೆ... ಗುಳಿಗನ ಕಟ್ಟೆಯೆದುರು ನಿನಗೆ ದರ್ಶನ ಬರುವಾಗ ನಿನ್ನ ತಲೆ ಎಷ್ಟು ಅಲುಗಾಡ್ತದೆ? ಊರಿನ ಗುತ್ತಿನ ದೊಡ್ಡ ಮನೆಯವರೂ ಕೈಮುಗಿದು ನಿಲ್ತಾರಲ್ಲ. ಆಗ ನಿನ್ನ ತಲೆಗೆ ಯಾರಾದ್ರೂ ಬೈರಾಸು ಕಟ್ಟಿದ್ದಾರಾ? ಕೇಳ್ತಾಳೆ."

ಬಾಗಿಲಲ್ಲಿದ್ದವರ ಕಣ್ಣೆಲ್ಲ ಕಿಟ್ಟಣ್ಣನ ಕಡೆ ತಿರುಗಿತು.

ಕಿಟ್ಟಣ್ಣ ಗುಳಿಗನ ಪಾತ್ರಿ, ದೈವ ಮೈಮೇಲೆ ಬರುವವನು. ವರ್ಷಕ್ಕೊಮ್ಮೆ ಅಡಿಕೆಯ ಹಿಂಗಾರ ಹಿಡಿದು ಕಟ್ಟೆಯೆದುರು ನಿಂತಾಗ ಮೈ ಬುಡದಿಂದ ನಡುಗುತ್ತದೆ. ದೈವ ಒಂದು ಮೈಯನ್ನು ಆರಿಸಿಕೊಂಡು ಅಲುಗಿಸುತ್ತದೆಂದು ಜನ ನಂಬುತ್ತಾರೆ. ನಂಬುವಂಥದ್ದೇ ಅದು. ಆ ಹೊತ್ತಿನಲ್ಲಿ ಯಾರೂ ಅವನಿಗೆ ನೇರ ನೋಡು ಎನ್ನುವುದಿಲ್ಲ. ಎಲ್ಲರೂ ತಮ್ಮ ದೃಷ್ಟಿಯನ್ನು ಅವನ ತಲೆಯ ಜೊತೆಗೆ ಆಡಿಸುತ್ತಾರೆ.

ಅವನ ಕೈಯಲ್ಲಿ ಬೈರಾಸು ಸಡಿಲವಾಯಿತು. ಮಡಚಿ ಹೆಗಲಿಗೆ ಹಾಕಿಕೊಂಡ. ಆದರೆ ಬಾಯಿಗೆ ಬಂದದ್ದು ಬೇರೆ ಮಾತು.

"ಇಷ್ಟೆಲ್ಲ ತಲೆಬಿಸಿ ಯಾಕೆ? ಬೇರೆ ದಾರಿ ಇಲ್ವಾ ಶೈಲೇಶ?"

"ಉಂಟು. ಬೆಳಿಗ್ಗೆಯೇ ಹೇಳಿದೆ. ‘ಪಾಲಕರು’ ಅಂತ ಒತ್ತಿದ್ರೆ ನಿಮ್ಮ ಮುಖ ಸಾಕು. ಒಂದು ನಿಮಿಷದ ಕೆಲಸ." ಅವನು ಕೀಬೋರ್ಡು ಹೆಕ್ಕಿ ಮೇಜಿಗಿಟ್ಟು ಒತ್ತಿದ. ಪರದೆಯಲ್ಲಿ ಒಂದು ಸಾಲು ಬಂತು. ತೃಪ್ತಿ ಓದಿದಳು. ಅವಳ ಕಣ್ಣು ತಲೆಯೊಂದಿಗೆ ಅಲುಗಾಡಿಯೇ ಓದಲು ಕಲಿತದ್ದು.

‘ಅರ್ಜಿದಾರರು ಸ್ವಂತ ಬುದ್ಧಿಯಿಂದ ವ್ಯವಹರಿಸಲು ಅಶಕ್ತರೆಂದು ದೃಢೀಕರಿಸುತ್ತೇನೆ. ಮಳಿಗೆಯನ್ನು ಪಾಲಕರ ಹೆಸರಿಗೆ ಮಂಜೂರು ಮಾಡಲು ಕೋರುತ್ತೇನೆ.’

"ಬೇಡ," ಎಂದಳು.

"ಬೇಡವಂತೆ," ಎಂದಳು ಚೆನ್ನು.

"ನನ್ನ ಹೆಸರು ಇದ್ರೆಂತ, ಅವಳ ಹೆಸರು ಇದ್ರೆಂತ?" ಕಿಟ್ಟಣ್ಣನಿಗೆ ಈಗ ಸಿಟ್ಟೇರಿತು. "ಒಂದೇ ಮನೆಯವರಲ್ವಾ? ಅಂಗಡಿ ಬಿಟ್ಟು ಬಿಡುದಾ? ನಮ್ಮ ಯತಿನ್ ಕೂತ್ಕೊಳ್ತಾನೆ, ಮೊಬೈಲ್ ರಿಪೇರಿ ಮಾಡ್ತಾನೆ. ಇವಳಿಗೆ ಎಂತ ಬೇಕೋ ಅದು ಸಿಗ್ತದೆ. ನಾನು ನೋಡ್ಕೊಳ್ಳುದಿಲ್ವಾ?"

ಯತಿನ್ ಅವನ ಮಗ. ಮಾತಿನಲ್ಲಿ ಕಪಟ ಇರಲಿಲ್ಲ. ಅದೇ ತೃಪ್ತಿಯ ಹೊಟ್ಟೆ ಉರಿಸಿತು. ಅಂಗಡಿ ಬರುವ ಮೊದಲೇ ಅದರಲ್ಲಿ ಯಾರು ಕೂರುವುದೆಂದು ತೀರ್ಮಾನವಾಗಿತ್ತು. ಅವಳ ಬುದ್ಧಿ ಇಲ್ಲವೆಂದು ಅವಳ ಕಣ್ಣೆದುರೇ ಬರೆದು, ಅವಳ ಒಳ್ಳೆಯದಕ್ಕೇ ಎನ್ನುತ್ತಿದ್ದರು.

"ಮಾವ," ಎಂದಳು. ಪ್ರತಿ ಅಕ್ಷರವನ್ನೂ ಹಲ್ಲಿನಲ್ಲಿ ಹಿಡಿದು ಬಿಟ್ಟಳು. ಚೆನ್ನು ಹಿಂದಿನಿಂದ ಜೋಡಿಸುತ್ತ ಹೋದಳು. "ಅಂಗಡಿ ಹೋಗ್ಲಿ. ನಾನು ಮರುಳು ಅಂತ ನೀವು ಬರೆದು ಕೊಡ್ಬೇಡಿ."

"ಹಾಗಾದ್ರೆ ನೀವೇ ಮಾಡ್ಕೊಳ್ಳಿ!" ಕಿಟ್ಟಣ್ಣ ಹೊರಗೆ ಹೋದ. ಹೋಗುವಾಗ ಅವನ ಮುಖ ಸಣ್ಣದಾಗಿತ್ತು.

ಶೈಲೇಶ ಪುಟ ಮುಚ್ಚಿದ. "ಅಕ್ಕ, ನನ್ನಿಂದ ಇನ್ನಾಗುದಿಲ್ಲ. ಆಫೀಸಿಗೇ ಹೋಗಿ ಕೇಳಿ. ಆರು ಗಂಟೆವರೆಗೆ ಉಂಟಲ್ಲ."

ಪೇಟೆಯ ರಿಕ್ಷಾದವನು ಅಬ್ಬಾಸ್ ತಾಯಿ ಮಗಳನ್ನು ಇಲಾಖೆಯ ಕಚೇರಿಯೆದುರು ತಂದು ಇಳಿಸಿದ. ಕಚೇರಿಗೆ ಮೆಟ್ಟಿಲುಗಳು. ತೃಪ್ತಿ ತಾಯಿಯ ಹೆಗಲು ಹಿಡಿದು ಒಂದೊಂದೇ ಹತ್ತಿದಳು. ಬೆಳಗಿನಿಂದ ಹೊಟ್ಟೆಗೆ ಬಿದ್ದದ್ದು ಒಂದು ಚಾ.

ಒಳಗೆ ಕೇಸ್ ವರ್ಕರ್ ಮಹಾಗಣಪತಿ ಕೂತಿದ್ದರು. ಕೆಟ್ಟ ಮನುಷ್ಯರಲ್ಲ. ಕುರ್ಚಿ ಎಳೆದು ಕೊಟ್ಟರು, ಫ್ಯಾನು ತಿರುಗಿಸಿದರು. ತಮ್ಮದೇ ಕಂಪ್ಯೂಟರಿನೆದುರು ಕೂರಿಸಿ ನೋಡಿದರು. ಅದೇ ದನಿ. ಅಲುಗಾಡಬೇಡಿ. ಮುಖ ದೃಢಪಟ್ಟಿಲ್ಲ.

"ಕಾಗದದಲ್ಲಿ ಕೊಡ್ತೇವೆ ಸಾರ್," ಎಂದಳು ಚೆನ್ನು.

"ಕಾಗದ ತೆಗೊಳ್ಳುವ ಕ್ರಮ ನಿಂತು ಹೋಗಿದೆ ಅಮ್ಮ. ಎಲ್ಲ ಅದರಲ್ಲೇ. ಪಾಲಕರು ಅಂತ ಹಾಕಿ, ಆಗ್ತದೆ. ಎಲ್ಲರೂ ಹಾಗೇ ಹಾಕುದು."

"ಎಲ್ಲರೂ ಹಾಕುದು ಹೌದು," ಎಂದಿತು ಗೋಡೆ ಬದಿಯ ಬೆಂಚಿನಿಂದ ಒಂದು ದನಿ. "ಹಾಕಿದ ಮೇಲೆ ತೆಗೀಲಿಕ್ಕೆ ಆಗುದಿಲ್ಲ. ಅದನ್ನೂ ಹೇಳಿ ಸಾರ್."

ಮುದುಕರೊಬ್ಬರು ಕೂತಿದ್ದರು. ಎರಡೂ ಕಣ್ಣುಗುಳಿಗಳು ಒಳಗೆ ಹೋಗಿದ್ದವು. ಕೋಡಿಂಬಾಳದ ತ್ಯಾಂಪಣ್ಣ. ಕಲ್ಲುಕೋರೆಯ ಮದ್ದು ಸಿಡಿದು ಕಣ್ಣು ಕಳಕೊಂಡವರು.

"ನನಗೆ ಅದು ಕಣ್ಣು ಮಿಟುಕಿಸಿ ಅಂತ ಹೇಳಿತು ಮಗಾ," ಎಂದರು ತೃಪ್ತಿಯ ಉಸಿರು ಕೇಳಿದ ದಿಕ್ಕಿಗೆ. "ಎಲ್ಲಿಂದ ತರುದು ಕಣ್ಣು? ಮಗ ರೆಪ್ಪೆ ಎಳೆದು ನೋಡಿದ. ಆಗ್ಲಿಲ್ಲ. ಪಾಲಕ ಅಂತ ಅವನೇ ಆದ. ಈಗ ಅಂಗಡಿ ಅವನದ್ದು. ನಾನು ಬಾಗಿಲಲ್ಲಿ ಕೂರುದು. ಬೇಡುವವ ಅಂತ ಜನ ಚಿಲ್ಲರೆ ಹಾಕಿ ಹೋಗ್ತಾರೆ. ನನ್ನದೇ ಅಂಗಡಿಯ ಬಾಗಿಲಲ್ಲಿ! ನನಗೆ ಬುದ್ಧಿ ಉಂಟು ಅಂತ ಬರೆಸ್ಲಿಕ್ಕೆ ಈಗ ಇಲ್ಲಿಗೆ ಬರ್ತಾ ಇದ್ದೇನೆ. ಬರೀಲಿಕ್ಕೆ ಜಾಗ ಇಲ್ಲವಂತೆ ಅದರಲ್ಲಿ."

ಮಹಾಗಣಪತಿ ಕನ್ನಡಕ ಒರೆಸಿದರು. "ನನ್ನ ಕೈಯಲ್ಲಿ ಎಂತ ಉಂಟು ತ್ಯಾಂಪಣ್ಣ? ಅದನ್ನು ಮಾಡಿದ್ದು ನಾನಾ?"

ತೃಪ್ತಿ ಮಾತಾಡಿದಳು. ಚೆನ್ನು ಈಗ ಒಂದು ಮಾತನ್ನೂ ತಣಿಸಲಿಲ್ಲ.

"ಮಾಡಿದವರಿಗೆ ಫೋನ್ ಮಾಡಿ, ಹೇಳ್ತಾಳೆ. ನಮಗೋಸ್ಕರ ಮಾಡಿದ್ದು ಅಂತೀರಿ. ಮಾಡುವಾಗ ನಮ್ಮಲ್ಲಿ ಒಬ್ಬರನ್ನಾದ್ರೂ ಎದುರು ಕೂರಿಸಿ ನೋಡಿದ್ದೀರಾ, ಕೇಳ್ತಾಳೆ."

"ಮೇಲಿನವರಿಗೆ ನಾನು ಫೋನ್ ಮಾಡುದಾ? ಒಳ್ಳೆ ಕಥೆ! ನನ್ನನ್ನು ಎಲ್ಲಿಗಾದ್ರೂ ಎತ್ತಿ ಹಾಕಿಯಾರು. ಮುಂದಿನ ವರ್ಷ ನೋಡುವ ಮಗಾ. ಈಗ ಹೊತ್ತಾಯ್ತು."

ಅವರು ಫೈಲು ಕಟ್ಟಿದರು. ಚೀಲ ಹೆಗಲಿಗೇರಿತು. ಫ್ಯಾನು ನಿಂತಿತು. ಉಳಿದ ನೌಕರರೆಲ್ಲ ಆಗಲೇ ಹೋಗಿದ್ದರು.

ತೃಪ್ತಿ ಎದ್ದಳು. ಮನೆಗೆ ಹೊರಟಳೆಂದು ಚೆನ್ನು ಹೆಗಲು ಕೊಟ್ಟಳು. ಬಾಗಿಲಿನ ಹತ್ತಿರ ಬಂದವಳು ಹೆಗಲು ಬಿಟ್ಟಳು. ಬಾಗಿಲ ದಾರಂದದ ಮರವನ್ನು ಎಡಗೈಯಲ್ಲಿ ಅವುಚಿ ಹಿಡಿದಳು. ನಿಂತಳು.

"ಬಾ ಮಗಾ, ಬಸ್ಸು ಹೋಗ್ತದೆ."

"ಹೋಗ್ಲಿ."

ಬಾಗಿಲಿಗೆ ಎದುರಿನ ಗೋಡೆಯಲ್ಲಿ ನೌಕರರ ಹಾಜರಾತಿಯ ಯಂತ್ರವಿತ್ತು. ಬರುವಾಗ, ಹೋಗುವಾಗ ಅದಕ್ಕೆ ಮುಖ ತೋರಿಸಬೇಕು. ಹೋಗುವಾಗ ತೋರಿಸದಿದ್ದರೆ ಆ ದಿನ ಕೆಲಸಕ್ಕೆ ಬಂದೇ ಇಲ್ಲ ಎಂದು ಲೆಕ್ಕ. ಮಹಾಗಣಪತಿ ಅದರೆದುರು ನಿಂತು ಕನ್ನಡಕ ತೆಗೆದರು. ಅವರ ಹೆಗಲಿನ ಹಿಂದೆ ತೃಪ್ತಿ. ಅವಳ ತಲೆ ಎಡಕ್ಕೆ, ಬಲಕ್ಕೆ.

ಯಂತ್ರ ಕುಂಯ್ ಎಂದಿತು. "ಇಬ್ಬರು ವ್ಯಕ್ತಿಗಳಿದ್ದಾರೆ. ಒಬ್ಬರೇ ನಿಲ್ಲಿ."

ಮಹಾಗಣಪತಿ ಹಿಂದೆ ನೋಡಿದರು. "ಸ್ವಲ್ಪ ಆಚೆ ನಿಲ್ಲು ಮಗಾ. ನಿನ್ನ ಮುಖ ಬೀಳ್ತದೆ ಇದರಲ್ಲಿ."

ತೃಪ್ತಿ ಕೇಳಿಸಿಕೊಂಡಳು. ಬೆಳಗಿನಿಂದ ತನ್ನನ್ನು ಮನುಷ್ಯಳೆಂದು ಒಪ್ಪದ ಊರಿನಲ್ಲಿ ಒಂದು ಯಂತ್ರ ಅವಳನ್ನು ಎಣಿಸಿತ್ತು. ಅವಳು ಆಚೆ ಸರಿಯಲಿಲ್ಲ.

ಅವರು ಯಂತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದರು. "ಹಿಂದೆ ಸರಿಯಿರಿ," ಎಂದಿತು ಅದು. ಸರಿದರು. "ಇಬ್ಬರು ವ್ಯಕ್ತಿಗಳಿದ್ದಾರೆ."

"ಅಮ್ಮ, ನಿಮ್ಮ ಮಗಳಿಗೆ ಹೇಳಿ. ಇದು ಸರಿಯಲ್ಲ. ನನ್ನ ಒಂದು ದಿನದ ಕೆಲಸ ಹೋಗ್ತದೆ."

"ಅವಳ ಜನ್ಮ ಹೋಗ್ತದೆ ಸಾರ್," ಎಂದಳು ಚೆನ್ನು. ಈ ಬಾರಿ ಅದು ಮಗಳ ಮಾತಾಗಿರಲಿಲ್ಲ, ಅವಳದೇ.

ಬೆಂಚಿನಿಂದ ತ್ಯಾಂಪಣ್ಣ ಎದ್ದರು. ಕೋಲು ನೆಲಕ್ಕೆ ತಟ್ಟಿತು. "ಎಂತ ಆಗ್ತಾ ಉಂಟು ಅಲ್ಲಿ? ನಿಲ್ಲುದಾ? ನಾನೂ ನಿಲ್ತೇನೆ. ಎಲ್ಲಿ ನಿಲ್ಬೇಕು, ಯಾರಾದ್ರೂ ಹೇಳಿ."

ಚೆನ್ನು ಅವರ ಕೈ ಹಿಡಿದು ತಂದು ತೃಪ್ತಿಯ ಬಲಕ್ಕೆ ನಿಲ್ಲಿಸಿದಳು. ತಾನು ಎಡಕ್ಕೆ ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಾಲ್ವರು ವ್ಯಕ್ತಿಗಳಿದ್ದಾರೆ," ಎಂದಿತು ಯಂತ್ರ. "ಒಬ್ಬರೇ ನಿಲ್ಲಿ."

"ತಳ್ಳಿ ಬೇಕಾದ್ರೆ," ಎಂದರು ತ್ಯಾಂಪಣ್ಣ. "ಕುರುಡ, ಗೊತ್ತಾಗುದಿಲ್ಲ. ಬಿದ್ದಲ್ಲಿಂದ ಎದ್ದು ಮತ್ತೆ ಇಲ್ಲಿಗೇ ಬಂದೇನು."

ಮಹಾಗಣಪತಿ ತಳ್ಳುವವರಲ್ಲ. ಅವರು ಗಡಿಯಾರ ನೋಡಿದರು, ಬೀದಿ ನೋಡಿದರು. ಆರಕ್ಕೆ ಇನ್ನು ಸ್ವಲ್ಪವೇ ಹೊತ್ತು. ತೃಪ್ತಿಯ ಕಾಲಿನ ಮೀನಖಂಡ ಹಿಡಿಯತೊಡಗಿತ್ತು. ಮೊಣಕಾಲು ನಡುಗಿ ಮಡಚಲು ನೋಡಿತು. ಅವಳು ದಾರಂದಕ್ಕೆ ಮೈಯೊತ್ತಿದಳು. ತುಟಿ ಕಚ್ಚಿದ್ದರಿಂದ ಬಾಯಿಗೆ ಉಪ್ಪು ರುಚಿ ಬಂತು. ಒಳಗೊಳಗೆ ಗುಳಿಗನನ್ನು ಕರೆದಳು: ತಲೆ ನಿಲ್ಲಿಸು ಎಂದು ಕೇಳುವುದಿಲ್ಲ. ಅದು ಅದರ ಪಾಡಿಗೆ ಆಡಲಿ. ಕಾಲು ನಿಲ್ಲಿಸು.

ಮಹಾಗಣಪತಿ ಚೀಲವನ್ನು ನೆಲಕ್ಕಿಟ್ಟರು. ಫೋನು ತೆಗೆದರು. ಮೇಲಿನ ಕಚೇರಿಯ ನಂಬರು ಒತ್ತಿದರು.

"ನಮಸ್ಕಾರ ಸಾರ್, ಕಡಬದಿಂದ... ಇಲ್ಲ ಸಾರ್, ನೆಟ್‌ವರ್ಕ್ ಸರಿ ಉಂಟು. ಕರೆಂಟೂ ಉಂಟು. ಆ ಮುಖ ನೋಡುದು ಉಂಟಲ್ಲ ಸಾರ್, ಅದು ಇವರಿಗೆ ಆಗುದಿಲ್ಲ. ಇವರಿಗೇ ಆಗುದಿಲ್ಲ... ಹೌದು ಸಾರ್, ಪಾಲಕ ಅಂತ ಹೇಳಿದೆ. ಒಪ್ಪುದಿಲ್ಲ... ಕಳಿಸ್ಲಿಕ್ಕೆ ನೋಡಿದೆ. ಹೋಗುದಿಲ್ಲ ಸಾರ್ ಅವರು. ಇಲ್ಲೇ ನಿಂತಿದ್ದಾರೆ... ಮುಖ ನೋಡುದು ಬಿಟ್ಟು ಅರ್ಜಿ ನೀವೇ ಅಲ್ಲಿಂದ ತೆಗೊಳ್ಳಿ. ನಾನು ಕಣ್ಣಾರೆ ನೋಡಿದ್ದೇನೆ, ಬರೆದು ಕೊಡ್ತೇನೆ... ಹೌದು, ನನ್ನ ಜವಾಬ್ದಾರಿ."

ಆ ಕಡೆ ಬಹಳ ಹೊತ್ತು ಮಾತು ನಡೆಯಿತು. ಅವರು ಹೂಂ, ಹೂಂ ಎಂದರು. ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿಗೆ ಇಳಿದಿತ್ತು.

"ಹೆಸರಾ ಸಾರ್? ಒಂದು ನಿಮಿಷ." ಅವರು ಚೆನ್ನುವಿನತ್ತ ತಿರುಗಿದರು. "ಹೆಸರು ಹೇಳಿ ಅಮ್ಮ. ಬೇಗ."

ಚೆನ್ನು ಬಾಯಿ ತೆರೆದು ಮುಚ್ಚಿದಳು.

"ಅವಳ ಹತ್ರವೇ ಕೇಳಿ," ಎಂದಳು.

ಮಹಾಗಣಪತಿ ಎರಡು ಹೆಜ್ಜೆ ಮುಂದೆ ಬಂದು ಫೋನನ್ನು ತೃಪ್ತಿಯ ಬಾಯಿಗೆ ಹಿಡಿದರು. ಬಾಯಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. 

ತೃಪ್ತಿ ಉಸಿರೆಳೆದುಕೊಂಡಳು. ಮೊದಲ ಅಕ್ಷರಕ್ಕೇ ಹೊತ್ತು ಹಿಡಿಯಿತು. ನಾಲಿಗೆ ಹಲ್ಲಿಗೆ ಹತ್ತಿತು, ಜಾರಿತು, ಮತ್ತೆ ಹತ್ತಿತು. "ಹಲೋ? ಹಲೋ? ಯಾರದು?" ಎನ್ನುತ್ತಿದ್ದರು ಆ ಕಡೆಯವರು.

ಮಹಾಗಣಪತಿ ಫೋನು ಹಿಂದೆ ತೆಗೆಯಲಿಲ್ಲ. ತಲೆ ಎಡಕ್ಕೆ ಹೋದಾಗ ಅವರ ಕೈ ಎಡಕ್ಕೆ ಹೋಯಿತು. ಬಲಕ್ಕೆ ಬಂದಾಗ ಬಲಕ್ಕೆ ಬಂತು.